ಸೋರುವ ಜಾಯಿಂಟಿಗೆ ಮೆತ್ತಬೇಡಿ, ಬಿಚ್ಚಿ ರಿಪೇರಿ ಮಾಡಿ

ಮಾನ್ಯ ಸಂಪಾದಕರೇ,

ವಿಜಯಪುರದ ಹಳೆಯ ಓಣಿಗಳಲ್ಲಿ ನಳಕ್ಕೆ ನೀರು ಬಿಟ್ಟ ಕೂಡಲೇ ಯಾರೂ ಕೊಡ ಹಿಡಿಯುವುದಿಲ್ಲ. ಮೊದಲು ಬರುವ ಕೆಂಪು ನೀರು, ಒಮ್ಮೊಮ್ಮೆ ಗಟಾರದ ವಾಸನೆಯ ನೀರು ಹೋಗಲಿ ಎಂದು ಕಾಯುತ್ತಾರೆ. ಬೈಗುಳ ಬೀಳುವುದು ಪಾಲಿಕೆಗೆ, ಇಲ್ಲವೇ ಕೊಲ್ಹಾರದಿಂದ ಬರುವ ಕೃಷ್ಣಾ ನದಿಯ ನೀರಿಗೆ. ಅಲ್ಲಿಯೂ ತಪ್ಪು ಇರಬಹುದು. ಆದರೆ ಆ ಹೊಲಸಿನಲ್ಲಿ ಒಂದು ಪಾಲು ಒಳಗೆ ಸೇರುವುದು ನಮ್ಮ ಮನೆಯ ಮೆಟ್ಟಿಲ ಕೆಳಗೆ, ಗಟಾರದ ಮಗ್ಗುಲಲ್ಲಿ ಹಾದುಹೋದ ಹಳೆಯ ಜಿಐ (ಸತುವಿನ ಲೇಪದ ಕಬ್ಬಿಣ) ಪೈಪಿನ ಸೋರುವ ಜಾಯಿಂಟಿನಿಂದ. ಇದನ್ನು ಮನೆಯವರೇ ಸರಿಪಡಿಸಬಹುದು, ಆದ್ದರಿಂದ ಈ ಪತ್ರ.

ನೀರು ಬರುವಾಗ ಜಾಯಿಂಟ್ ಹೊರಗೆ ಹನಿಸುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಉಳಿದ ಹೊತ್ತೆಲ್ಲ ಪೈಪು ಅರ್ಧ ಖಾಲಿ ಇರುತ್ತದೆ. ವಾಲ್ ಮುಚ್ಚಿದ ಮೇಲೆ ತಗ್ಗಿನ ಮನೆಗಳ ನಳದಿಂದ ನೀರು ಇಳಿದುಹೋಗುತ್ತದೆ, ಎತ್ತರದಲ್ಲಿರುವ ಪೈಪು ಗಾಳಿ ಸಾಲದೆ ಹೀರತೊಡಗುತ್ತದೆ. ಹನಿ ಹೊರಬಂದ ಸಂದಿಯಿಂದಲೇ ಆಗ ಗಟಾರದ ನೀರು ಒಳಗೆ ಹೋಗುತ್ತದೆ. ಓಣಿಯಲ್ಲಿ ಒಬ್ಬರು ನಳಕ್ಕೆ ನೇರವಾಗಿ ಮೋಟಾರು ಹಚ್ಚಿದ್ದರೂ ಸಾಕು, ನೀರು ಬರುವ ಹೊತ್ತಿನಲ್ಲಿಯೇ ಅದು ನೆರೆಮನೆಯ ಜಾಯಿಂಟಿನಿಂದ ಹೊಲಸು ಎಳೆದುಕೊಳ್ಳುತ್ತದೆ. ‘ನಾಲ್ಕು ಹನಿ ತಾನೆ’ ಎಂದು ಬಿಡುವಂಥ ಸಂಗತಿ ಇದಲ್ಲ. ಬಟ್ಟೆ ಸುತ್ತಿ ಸಿಮೆಂಟು ಮೆತ್ತಿದರಂತೂ ಹನಿ ಕಣ್ಣಿಗೆ ಕಾಣದಂತಾಗುತ್ತದೆ, ಸಂದಿ ಹಾಗೆಯೇ ಉಳಿಯುತ್ತದೆ.

ಜಾಯಿಂಟೇ ಮೊದಲು ಕೆಡುವುದೇಕೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಕೆಲಸ ಅರ್ಧ ಮುಗಿದಂತೆ. ಅರ್ಧ ಇಂಚಿನ ಮೀಡಿಯಂ ಪೈಪಿನ ದಪ್ಪ 2.6 ಮಿ.ಮೀ. ಅದರ ತುದಿಗೆ ಡೈ ಎಂಬ ಕೊರೆಯುವ ಸಾಧನ ಹಾಕಿ ಥ್ರೆಡ್, ಅಂದರೆ ತಿರುಪಿನ ಹಲ್ಲು, ಕೊರೆದಾಗ ಇಂಚಿಗೆ 14 ಹಲ್ಲು ಬೀಳುತ್ತವೆ, ಒಂದೊಂದು ಹಲ್ಲಿನ ಆಳ ಸುಮಾರು 1.16 ಮಿ.ಮೀ. ಅಂದರೆ ಹಲ್ಲಿನ ಬುಡದಲ್ಲಿ ಉಳಿಯುವ ಕಬ್ಬಿಣ ಒಂದೂವರೆ ಮಿ.ಮೀ.ಗೂ ಕಡಿಮೆ. ಮೇಲಿನ ಸತುವಿನ ಲೇಪವೂ ಅಲ್ಲಿ ಪೂರ್ತಿ ಕೆತ್ತಿಹೋಗಿರುತ್ತದೆ. ಲೈಟ್ ಪೈಪಾದರೆ ದಪ್ಪವೇ 2 ಮಿ.ಮೀ., ಹಲ್ಲಿನ ಬುಡದಲ್ಲಿ ಉಳಿಯುವುದು 0.8 ಮಿ.ಮೀ. ಮೂವತ್ತು ವರ್ಷ ತೇವದಲ್ಲಿದ್ದ ಪೈಪನ್ನು ಎಲ್ಬೋದಿಂದ (ಮೂಲೆಯಲ್ಲಿ ಪೈಪಿನ ದಿಕ್ಕು ತಿರುಗಿಸುವ ತುಂಡು) ಬಿಚ್ಚಿ ನೋಡಿದರೆ, ಎಲ್ಬೋದ ಹೊರಗೆ ಉಳಿದ ಕೊನೆಯ ಎರಡು ಹಲ್ಲಿನ ಜಾಗದಲ್ಲಿ ಕಬ್ಬಿಣ ಕರಗಿ ಬಿಸ್ಕೀಟಿನಂತೆ ಪದರ ಪದರವಾಗಿ ಏಳುತ್ತದೆ. ಎಷ್ಟೋ ಸಲ ಸೋರಿಕೆಯನ್ನು ತಡೆದು ನಿಂತಿರುವುದು ಆ ತುಕ್ಕು ಮಾತ್ರ. ಅಂಥ ಜಾಯಿಂಟಿಗೆ ಪಾನಾ ಹಾಕಿ ‘ಸ್ವಲ್ಪ ಬಿಗಿ ಮಾಡೋಣ’ ಎಂದರೆ ತುಕ್ಕು ಒಡೆದು ಹನಿ ಧಾರೆಯಾಗುತ್ತದೆ, ಇಲ್ಲವೇ ಪೈಪು ಬುಡಕ್ಕೇ ಮುರಿದು ಥ್ರೆಡ್ಡಿನ ಉಂಗುರ ಎಲ್ಬೋದಲ್ಲಿ ಸಿಕ್ಕಿಕೊಳ್ಳುತ್ತದೆ.

ಬಿಗಿ ಮಾಡಬಾರದು ಎನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ಎರಡು ಎಲ್ಬೋಗಳ ನಡುವಿನ ಪೈಪಿನ ಎರಡೂ ತುದಿಗೆ ಇರುವುದು ಬಲಗೈ ಥ್ರೆಡ್ಡೇ. ಈ ತುದಿಯನ್ನು ಒಳಗೆ ತಿರುಗಿಸಿದಷ್ಟೂ ಆ ತುದಿ ಸಡಿಲಾಗುತ್ತದೆ. ಅಡುಗೆಮನೆಯ ಜಾಯಿಂಟ್ ಬಿಗಿದ ವಾರದಲ್ಲಿ ಬಚ್ಚಲಮನೆಯ ಗೋಡೆ ತೇವವಾಗುವುದು ಇದರಿಂದಲೇ.

ಮೊದಲು ಸೋರುವುದು ಎಲ್ಲಿಂದ ಎಂದು ಗೊತ್ತುಮಾಡಿಕೊಳ್ಳಬೇಕು. ಹನಿ ಬೀಳುವ ಜಾಗವೇ ಸೋರುವ ಜಾಗ ಎಂದು ತಿಳಿಯಬೇಡಿ. ನೀರು ಪೈಪಿನ ಅಡಿಭಾಗ ಹಿಡಿದು ಎರಡು-ಮೂರು ಅಡಿ ಹರಿದು ಬಂದು ತಗ್ಗಿನಲ್ಲಿ ಹನಿಯುತ್ತದೆ. ಪೈಪನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಅನುಮಾನ ಇರುವ ಜಾಯಿಂಟುಗಳ ಸುತ್ತ ಸೀಮೆಸುಣ್ಣ ತಿಕ್ಕಿ, ಆಮೇಲೆ ನೀರು ಬಿಡಿ. ಸುಣ್ಣ ಮೊದಲು ಕಪ್ಪಾದ ಕಡೆಯೇ ಸೋರಿಕೆ. ಎಷ್ಟು ಹೋಗುತ್ತದೆ ಎಂದು ತಿಳಿಯಬೇಕಿದ್ದರೆ ಹತ್ತು ನಿಮಿಷ ಲೋಟ ಹಿಡಿದು ನೋಡಿ. 200 ಮಿ.ಲೀ. ತುಂಬಿದರೆ ಗಂಟೆಗೆ 1.2 ಲೀಟರು, ಮಾಳಿಗೆಯ ಟಾಕಿಗೆ ಕೂಡಿದ ಪೈಪಾದರೆ ದಿನಕ್ಕೆ ಸುಮಾರು 29 ಲೀಟರು, ಎರಡು ಕೊಡ. ಪೈಪು ಗೋಡೆಯೊಳಗೆ ಇದ್ದರೆ ರಾತ್ರಿ ಎಲ್ಲ ನಳ ಮುಚ್ಚಿ, ಟಾಕಿಗೆ ನೀರು ಬರುವ ದಾರಿಯನ್ನೂ ಕಟ್ಟಿ, ನೀರಿನ ಮಟ್ಟಕ್ಕೆ ಗುರುತು ಮಾಡಿಟ್ಟು ಬೆಳಿಗ್ಗೆ ನೋಡಬೇಕು. ಗಿಲಾವ್ ಉಬ್ಬಿ ಬಿಳಿ ಉಪ್ಪು ಉದುರುವ ಜಾಗ ಸಾಮಾನ್ಯವಾಗಿ ಜಾಯಿಂಟಿಗಿಂತ ಕೆಳಗಿರುತ್ತದೆ, ಗೋಡೆಯನ್ನು ಅಲ್ಲಿಂದ ಮೇಲಕ್ಕೆ ಬಿಡಿಸಿ ನೋಡಿ.

ಸೋರುವುದು ಯೂನಿಯನ್ (ದೊಡ್ಡ ನಟ್ಟು ಬಿಚ್ಚಿ ಬೇರೆ ಮಾಡಬಹುದಾದ ಜೋಡಣೆ) ಆಗಿದ್ದರೆ ಕೆಲಸ ಸುಲಭ. ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಯೂನಿಯನ್ನಿನ ದೊಡ್ಡ ನಟ್ಟಿನ ಥ್ರೆಡ್ಡಿಗೆ ಟೇಪು ಸುತ್ತುವುದು. ಆ ಥ್ರೆಡ್ ನೀರು ತಡೆಯುವುದಿಲ್ಲ, ಎರಡು ಮುಖಗಳನ್ನು ಒತ್ತಿ ಹಿಡಿಯುವುದಷ್ಟೇ ಅದರ ಕೆಲಸ. ನೀರು ನಿಲ್ಲುವುದು ಮುಖ ಮುಖ ಕೂಡುವಲ್ಲಿ, ಇಲ್ಲವೇ ನಡುವಿನ ವಾಷರಿನಲ್ಲಿ. ನಟ್ಟು ಬಿಚ್ಚಿ, ಮುಖಕ್ಕೆ ಕೂತ ಸುಣ್ಣದ ಪೊರೆ, ಮರಳಿನ ಕಣ ಒರೆಸಿ, ಉಗುರು ಆಡಿಸಿ ನೋಡಿ. ಉಗುರಿಗೆ ಗೆರೆ ತಾಗಿದರೆ ಆ ಯೂನಿಯನ್ ಬದಲಿಸಿ. ವಾಷರ್ ಇರುವ ಬಗೆಯದಾದರೆ ಹೊಸ ವಾಷರ್ ಸಾಕು. ಎರಡು ಕಡೆಯ ಪೈಪು ಒಂದೇ ಸಾಲಿನಲ್ಲಿ ಇರದಿದ್ದರೆ ನಟ್ಟನ್ನು ಎಷ್ಟು ಬಿಗಿದರೂ ನೀರು ನಿಲ್ಲುವುದಿಲ್ಲ. ಆಗ ಗೋಡೆಯ ಕ್ಲಾಂಪು ಸಡಿಲಿಸಿ ಸಾಲು ಸರಿಮಾಡಬೇಕು. ಬಹಳ ಹಳೆಯ ಮನೆಗಳಲ್ಲಿ ಯೂನಿಯನ್ ಬದಲು ಲಾಂಗ್ ಸ್ಕ್ರೂ (ಉದ್ದ ಥ್ರೆಡ್ಡಿನ ತುಂಡು), ಎರಡು ಪೈಪನ್ನು ನೇರಕ್ಕೆ ಕೂಡಿಸುವ ಸಾಕೆಟ್ ಮತ್ತು ಬ್ಯಾಕ್‌ನಟ್ ಇರುತ್ತದೆ. ಅದರ ಉದ್ದ ಥ್ರೆಡ್ ಸಮ ಇರುವುದರಿಂದ ತಾನಾಗಿ ಬಿಗಿಯುವುದಿಲ್ಲ. ಬ್ಯಾಕ್‌ನಟ್ಟಿಗೂ ಸಾಕೆಟ್ಟಿಗೂ ನಡುವೆ ಸಣಬಿನ ಎಳೆಯನ್ನು ಉಂಗುರದಂತೆ ಸುತ್ತಿ, ಪೇಸ್ಟ್ ಹಚ್ಚಿ, ನಟ್ಟು ಒತ್ತಿದರೆ ನೀರು ನಿಲ್ಲುತ್ತದೆ.

ಎಲ್ಬೋ, ಮೂರು ಬಾಯಿಯ ಟೀ, ಸಾಕೆಟ್ಟಿನ ಥ್ರೆಡ್ಡಿನಿಂದಲೇ ನೀರು ಬರುತ್ತಿದ್ದರೆ ಕತ್ತರಿಸಿ ಕೂಡಿಸಬೇಕು. ಬೇಕಾಗುವ ಸಾಮಾನು: 14 ಮತ್ತು 18 ಇಂಚಿನ ಎರಡು ಪೈಪ್ ಪಾನಾ, ಹ್ಯಾಕ್ಸಾ ಮತ್ತು ಇಂಚಿಗೆ 24 ಹಲ್ಲಿನ ಎರಡು ಬ್ಲೇಡು, ಡೈ ಸೆಟ್, ದುಂಡನೆಯ ಅರ, ತಂತಿ ಬ್ರಷ್, ಒಂದು ಹೊಸ ಎಲ್ಬೋ, ಒಂದು ಯೂನಿಯನ್, ಎರಡು ಸುರುಳಿ ಟೆಫ್ಲಾನ್ ಟೇಪು, ಸ್ವಲ್ಪ ಡೀಸೆಲ್. ಪೈಪು ಕೊಳ್ಳುವಾಗ ಮೇಲಿನ ಬಣ್ಣದ ಪಟ್ಟಿ ನೋಡಿ. ಪೈಪಿನ ಭಾರತೀಯ ಮಾನಕ ಐಎಸ್ 1239ರ ಪ್ರಕಾರ ಹಳದಿ ಪಟ್ಟಿ ಲೈಟ್, ನೀಲಿ ಮೀಡಿಯಂ, ಕೆಂಪು ಹೆವಿ. ಥ್ರೆಡ್ ಕೊರೆಯುವ ಕೆಲಸಕ್ಕೆ ಹಳದಿ ಬೇಡವೇ ಬೇಡ. ಗೋಡೆಗೆ ನೀಲಿ, ನೆಲದೊಳಗೆ ಕೆಂಪು.

ಗರಗಸ ಹಚ್ಚುವ ಮುಂಚೆ ಕರೆಂಟಿನ ವಿಚಾರ. ಹಳೆಯ ಮನೆಗಳಲ್ಲಿ ಅರ್ಥಿಂಗ್ ತಂತಿಯನ್ನು ನೀರಿನ ಪೈಪಿಗೇ ಕಟ್ಟಿರುವುದುಂಟು. ಎಲ್ಲೋ ಒಂದು ಕಡೆ ಕರೆಂಟು ಸೋರುತ್ತಿದ್ದರೆ, ಪೈಪು ತುಂಡಾದ ಕ್ಷಣ ಎರಡೂ ತುದಿ ಹಿಡಿದ ಕೈಯ ಮೂಲಕ ಅದು ಹರಿಯುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ಪೈಪಿಗೆ ಟೆಸ್ಟರ್ ಹಚ್ಚಿ ನೋಡಿಯೇ ಕೈ ಹಾಕಿ. ಅಂಥ ಪೈಪಿನ ನಡುವೆ ಪ್ಲಾಸ್ಟಿಕ್ ತುಂಡು ಸೇರಿಸಿದರೆ ಮನೆಯ ಅರ್ಥಿಂಗ್ ಕಡಿದುಹೋಗುತ್ತದೆ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಬೇರೆ ಅರ್ಥಿಂಗ್ ಹಾಕಿಸಿದ ಮೇಲೆಯೇ ಆ ಕೆಲಸ. ಜೀವದ ಪ್ರಶ್ನೆಯಾದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ನೀರು ನಿಲ್ಲಿಸಿ, ತೀರ ಕೆಳಗಿನ ನಳ ತೆರೆದು ಪೈಪು ಖಾಲಿ ಮಾಡಿ. ಮೇಲಿನ ಒಂದು ನಳವನ್ನೂ ತೆರೆದಿಡಿ, ಗಾಳಿ ಹೋಗದೆ ನೀರು ಪೂರ್ತಿ ಇಳಿಯುವುದಿಲ್ಲ. ಹಿಂದಿನ ರಾತ್ರಿಯೇ ಜಾಯಿಂಟಿಗೆ ಹೊರಗಿನಿಂದ ಡೀಸೆಲ್ ಹಚ್ಚಿಟ್ಟಿದ್ದರೆ ಒಳ್ಳೆಯದು. ಎಲ್ಬೋದ ಒಂದು ಮಗ್ಗುಲಿಗೆ ಭಾರದ ಸುತ್ತಿಗೆ ಆನಿಸಿ ಹಿಡಿದು, ಎದುರು ಮಗ್ಗುಲಿನಿಂದ ಸಣ್ಣ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ಬಡಿಯಿರಿ; ತುಕ್ಕು ಸಡಿಲವಾಗುತ್ತದೆ. ಎಲ್ಬೋ ಎರಕದ್ದು, ಜೋರಾಗಿ ಬಡಿದರೆ ಸೀಳುತ್ತದೆ. ಬೆಂಕಿ ಹಿಡಿಯುವವರೂ ಇದ್ದಾರೆ, ಅದು ಬೇಡ. ಸತುವಿನ ಹೊಗೆ ಎದೆಗೆ ಕೆಟ್ಟದ್ದು, ಹಳೆಯ ಟೇಪು ಸುಟ್ಟ ಹೊಗೆ ಅದಕ್ಕಿಂತ ಕೆಟ್ಟದ್ದು.

ಯೂನಿಯನ್ ಇಲ್ಲದ ಸಾಲಿನಲ್ಲಿ ಪೈಪನ್ನು ಎಲ್ಬೋದಿಂದ ಒಂದು ಗೇಣು ದೂರದಲ್ಲಿ ಕತ್ತರಿಸಿ. ತೀರ ಹತ್ತಿರ ಕತ್ತರಿಸಿದರೆ ಪಾನಾ ಹಿಡಿಯಲು ಜಾಗ ಇರುವುದಿಲ್ಲ. ಒಂದು ಪಾನಾ ಎಲ್ಬೋವನ್ನು ಹಿಡಿದು ನಿಲ್ಲಿಸಬೇಕು, ಇನ್ನೊಂದು ಪೈಪಿನ ತುಂಡನ್ನು ತಿರುಗಿಸಬೇಕು. ಒಂದೇ ಪಾನಾ ಹಾಕಿದರೆ ಆ ಬಲವೆಲ್ಲ ಗೋಡೆಯೊಳಗಿನ ಮುಂದಿನ ಜಾಯಿಂಟಿಗೆ ಹೋಗಿ ಅಲ್ಲಿ ಹೊಸ ಸೋರಿಕೆ ಹುಟ್ಟುತ್ತದೆ. ನಂತರ ಇನ್ನೊಂದು ತುದಿಯನ್ನೂ ಹೀಗೆಯೇ ಬಿಚ್ಚಿ.

ತೆಗೆದ ಪೈಪಿನ ಜಾಗಕ್ಕೆ ಎರಡು ತುಂಡು ಹಾಕಿ ನಡುವೆ ಯೂನಿಯನ್ ಕೂಡಿಸಬೇಕು. ಈ ತುಂಡುಗಳ ಅಳತೆಯಲ್ಲಿ ತಪ್ಪು ಬಹಳ. ಎರಡು ಎಲ್ಬೋಗಳ ಬಾಯಿಯಿಂದ ಬಾಯಿಗೆ 600 ಮಿ.ಮೀ. ಇದೆ ಎನ್ನಿ. ಬಿಗಿದ ಯೂನಿಯನ್ನಿನ ಎರಡು ಬಾಯಿಗಳ ನಡುವೆ 45 ಮಿ.ಮೀ. ಇದ್ದರೆ ಉಳಿದದ್ದು 555. ಅರ್ಧ ಇಂಚಿನ ಪೈಪಿನ ಒಂದೊಂದು ತುದಿ ಸುಮಾರು 13 ಮಿ.ಮೀ. ಒಳಗೆ ಹೋಗುತ್ತದೆ, ನಾಲ್ಕು ತುದಿಗೆ 52. ಎರಡೂ ತುಂಡು ಸೇರಿ 607 ಮಿ.ಮೀ. ಬೇಕು. ಯೂನಿಯನ್ ಅಳತೆ ಕಂಪನಿಗೊಂದು ಥರ ಇರುವುದರಿಂದ ಅದನ್ನು ಕೈಯಲ್ಲಿ ಹಿಡಿದೇ ಅಳೆಯಿರಿ. ಮುಕ್ಕಾಲು ಇಂಚಿಗೆ 14–15, ಒಂದು ಇಂಚಿಗೆ 17 ಮಿ.ಮೀ. ಹಿಡಿಯಬೇಕು.

ಡೈ ತಿರುಗಿಸುವಾಗ ಎಣ್ಣೆ ಬಿಡುತ್ತ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಚೂರು ಮುರಿದು ಬೀಳುತ್ತದೆ. ಹಾಗೆ ಮಾಡದಿದ್ದರೆ ಚೂರು ಸಿಕ್ಕಿ ಹಲ್ಲು ಹರಿಯುತ್ತದೆ. ಡೈಯ ಆಚೆ ಒಂದು ಹಲ್ಲು ಹೊರಬಂದ ಕೂಡಲೇ ನಿಲ್ಲಿಸಿ. ಈ ಥ್ರೆಡ್ ಮೊನೆಗೆ ಸಣ್ಣಗಾಗುತ್ತ ಹೋಗುತ್ತದೆ, 16ಕ್ಕೆ 1ರಂತೆ. ಆ ಇಳುವೇ ಜಾಯಿಂಟನ್ನು ಬಿಗಿ ಮಾಡುವುದು. ‘ಉದ್ದ ಇರಲಿ’ ಎಂದು ಕೊರೆದರೆ ಪೈಪು ಎಲ್ಬೋದೊಳಗೆ ತಡೆಯಿಲ್ಲದೆ ಓಡುತ್ತದೆ, ಆಮೇಲೆ ಎಷ್ಟು ಟೇಪು ಸುತ್ತಿದರೂ ನಿಲ್ಲುವುದಿಲ್ಲ. ಟೇಪಿಲ್ಲದೆ ಒಮ್ಮೆ ತಿರುಗಿಸಿ ನೋಡಿ: ಕೈಯಿಂದ ನಾಲ್ಕು ಸುತ್ತಿನ ಸುಮಾರಿಗೆ ನಿಲ್ಲಬೇಕು. ಪೂರ್ತಿ ಕೈಯಿಂದಲೇ ಹೋದರೆ ಥ್ರೆಡ್ ಕೆಟ್ಟಿದೆ, ಇಲ್ಲವೇ ಎಲ್ಬೋ ಕೆಟ್ಟದ್ದಿದೆ. ಪೈಪಿನ ಬಾಯೊಳಗೆ ಎದ್ದ ಚೂಪು ಅಂಚನ್ನು ಅರದಿಂದ ತೆಗೆಯುವುದನ್ನು ಅವಸರದಲ್ಲಿ ಬಿಡುತ್ತಾರೆ. ಮುಂದೆ ತುಕ್ಕು ಗಂಟು ಕಟ್ಟುವುದು ಆ ಅಂಚಿಗೇ.

ಟೇಪಿನ ದಿಕ್ಕು: ಪೈಪಿನ ಬಾಯಿ ನಿಮ್ಮ ಕಡೆ ಇದ್ದಾಗ ಗಡಿಯಾರದ ಮುಳ್ಳಿನಂತೆ ಸುತ್ತಬೇಕು. ತಿರುವಿ ಸುತ್ತಿದರೆ ಬಿಗಿಯುವಾಗ ಟೇಪು ಬಿಚ್ಚಿ ಹೊರಗೆ ಗುಡ್ಡೆಯಾಗುತ್ತದೆ. ಮೊದಲ ಹಲ್ಲು ಬಿಟ್ಟು ಸುತ್ತಿ, ಇಲ್ಲದಿದ್ದರೆ ಟೇಪಿನ ಚೂರು ಹರಿದು ನಳದ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆದು ಹಿಡಿದು ಸುತ್ತಬೇಕು, ಹಲ್ಲಿನ ಗುರುತು ಮೇಲೆ ಕಾಣಬೇಕು. ಅಂಗಡಿಯ ತೆಳು ಟೇಪಾದರೆ ಹೊಸ ಥ್ರೆಡ್ಡಿಗೆ 8–10 ಸುತ್ತು, ಹಳೆಯದಕ್ಕೆ 12–15. ಗೋಡೆಯಲ್ಲೇ ಉಳಿದ ಹಳೆಯ ಎಲ್ಬೋದೊಳಗಿನ ಥ್ರೆಡ್ ಸವೆದಿದ್ದರೆ ಸಣಬಿನ ಎಳೆಯೇ ಮೇಲು. ಪೈಪಿನ ಹಲ್ಲಿನ ಮೇಲೆ ಹ್ಯಾಕ್ಸಾ ಬ್ಲೇಡಿನಿಂದ ಅಡ್ಡ ಗೀರಿ ಒರಟು ಮಾಡಿ, ತೆಳ್ಳಗೆ ಬಾಚಿದ ಎಳೆಯನ್ನು ಹಲ್ಲಿನ ಸಂದಿಗಳಲ್ಲಿ ಕೂರುವಂತೆ ಸುತ್ತಿ ಪೇಸ್ಟ್ ಸವರಬೇಕು. ಎಳೆ ನೀರಿಗೆ ಉಬ್ಬಿ ಸಂದಿ ತುಂಬುತ್ತದೆ. ಹಿಂದೆ ಇದಕ್ಕೆ ಸೀಸದ ಸಫೇದಾ ಹಚ್ಚುತ್ತಿದ್ದರು. ಸೀಸ ವಿಷ, ಕುಡಿಯುವ ನೀರಿನ ಪೈಪಿಗೆ ಅದನ್ನು ಹಚ್ಚಲೇಬಾರದು. ಕುಡಿಯುವ ನೀರಿಗೆ ನಡೆಯುವ ಪೇಸ್ಟನ್ನೇ ಕೇಳಿ ತೆಗೆದುಕೊಳ್ಳಿ.

ಬಿಗಿಯುವಾಗ ಕೈಯಿಂದ ನಿಂತ ಮೇಲೆ ಪಾನಾದಿಂದ ಎರಡು, ಹೆಚ್ಚೆಂದರೆ ಮೂರು ಸುತ್ತು. ಒಂದೆರಡು ಹಲ್ಲು ಹೊರಗೆ ಕಾಣುತ್ತಿರಲಿ. ಎಲ್ಬೋದ ಮುಖ ಸರಿಯಾದ ದಿಕ್ಕಿಗೆ ಬರಲಿಲ್ಲವೆಂದು ಕಾಲು ಸುತ್ತು ಹಿಂದೆ ತಿರುಗಿಸಿದರೆ ಟೇಪಿನ ಜಾಯಿಂಟ್ ಕೆಟ್ಟಿತೆಂದೇ ಲೆಕ್ಕ. ಮುಂದೆ ತಿರುಗಿಸಿ ದಿಕ್ಕಿಗೆ ತನ್ನಿ, ಆಗದಿದ್ದರೆ ಬಿಚ್ಚಿ ಹೊಸ ಟೇಪು ಸುತ್ತಿ. ಹಳೆಯ ಜಿಐಗೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಕೂಡಿಸುವವರು ಪ್ಲಾಸ್ಟಿಕ್ಕಿನ ಒಳಥ್ರೆಡ್ಡಿಗೆ ಕಬ್ಬಿಣದ ಪೈಪು ಹಾಕಬೇಡಿ. ಕಬ್ಬಿಣದ ಇಳು ಅದನ್ನು ಬೆಣೆಯಂತೆ ಸೀಳುತ್ತದೆ, ಅದೂ ಅಂದೇ ಅಲ್ಲ, ಗಿಲಾವ್ ಮಾಡಿ ಬಣ್ಣ ಬಳಿದ ಮೇಲೆ. ಹಿತ್ತಾಳೆಯ ಥ್ರೆಡ್ ಇರುವ ಅಡಾಪ್ಟರನ್ನೇ ಹಾಕಿ.

ನಾದಿ ಮೆತ್ತುವ ಅಂಟು ಎಂ-ಸೀಲ್ ಬಗ್ಗೆ ಕೇಳುವವರು ಬಹಳ. ಅದು ಕೆಟ್ಟದ್ದಲ್ಲ, ಅದನ್ನು ಬಳಸುವ ರೀತಿ ಕೆಟ್ಟದ್ದು. ಒದ್ದೆ ಪೈಪಿಗೆ, ಬಣ್ಣದ ಮೇಲೆ, ತುಕ್ಕಿನ ಮೇಲೆ ಅದು ಹಿಡಿಯುವುದಿಲ್ಲ. ನೀರು ಪೂರ್ತಿ ನಿಲ್ಲಿಸಿ, ಪಾಲಿಶ್ ಕಾಗದದಿಂದ ಕಬ್ಬಿಣ ಹೊಳೆಯುವ ತನಕ ತಿಕ್ಕಿ, ಒಣಗಿಸಿ, ಎರಡೂ ಭಾಗ ಸಮನಾಗಿ ತೆಗೆದುಕೊಂಡು ಒಂದೇ ಬಣ್ಣ ಬರುವವರೆಗೆ ನಾದಿ, ಜಾಯಿಂಟಿನ ಸುತ್ತ ಪೂರ್ತಿ ಉಂಗುರದಂತೆ ಒತ್ತಿ, ಒಂದು ರಾತ್ರಿ ಬಿಡಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಬೇಗ ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ನಾದಿಕೊಳ್ಳಿ. ಇದು ಸಾಮಾನು ತರುವ ತನಕದ ಆಸರೆ. ನೇರ ಪೈಪಿನಲ್ಲಿ ಸೂಜಿ ಗಾತ್ರದ ತೂತು ಬಿದ್ದಿದ್ದರೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಎರಡು ಕ್ಲಿಪ್ಪು ಬಿಗಿಯುವುದು ಇದಕ್ಕಿಂತ ಒಳ್ಳೆಯದು, ಎಲ್ಬೋಗೆ ಮಾತ್ರ ಅದು ನಡೆಯದು.

ಕೆಲಸ ಮುಗಿದ ಮೇಲೆ ನೀರನ್ನು ಮೆಲ್ಲಗೆ ಬಿಡಿ, ನಳ ತೆರೆದಿಟ್ಟು ಗಾಳಿ ಹೋಗಲಿ. ಮೊದಲ ಎರಡು ಕೊಡ ನೀರು ಗಿಡಕ್ಕೆ. ಜಾಯಿಂಟ್ ಒರೆಸಿ ಕಾಲು ಗಂಟೆ ಬಿಟ್ಟು ಬೆರಳು ಆಡಿಸಿ ನೋಡಿ. ಮಾಳಿಗೆಯ ಟಾಕಿಯ ನೀರಿಗೆ ನಿಂತಿತೆಂದು ಗಿಲಾವ್ ಮಾಡಬೇಡಿ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂ.ಮೀ.ಗೆ ಒಂದು ಕೆ.ಜಿ. ಒತ್ತಡ, ಎರಡಂತಸ್ತಿನ ಮನೆಯ ಟಾಕಿ ಕೊಡುವುದು ಮುಕ್ಕಾಲು ಕೆ.ಜಿ. ಕೂಡ ಆಗಲಾರದು, ಬೀದಿಯ ಲೈನಿನ ಒತ್ತಡ ಇನ್ನೂ ಹೆಚ್ಚು ಇರಬಹುದು. ಒತ್ತಡ ಜಾಯಿಂಟಿನ ಶತ್ರು ಎಂಬುದು ಈ ಊರಿಗೆ ಹೊಸದಲ್ಲ. ಬೇಗಂ ತಲಾಬದಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದ ಆದಿಲ್‌ಶಾಹಿ ಕಾಲದ ಕೆಲಸಗಾರರು ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದು ಒತ್ತಡ ಇಳಿಸಲು, ಕೆಸರು ತಳಕ್ಕೆ ಕೂರಿಸಲು. ಬೀದಿಯ ನೀರು ಎರಡು ಸಲ ಬಂದುಹೋಗುವ ತನಕ ಗೋಡೆ ತೆರೆದೇ ಇರಲಿ. ಯೂನಿಯನ್ ಇರುವ ಜಾಗವನ್ನು ಗಿಲಾವಿನಲ್ಲಿ ಮುಚ್ಚದೆ ಅಂಗೈಯಗಲದ ಮುಚ್ಚಳ ಇಡಿಸಿ ಎಂದು ಗೌಂಡಿಗೆ ಮೊದಲೇ ಹೇಳಿಬಿಡಿ.

ನಮ್ಮ ಜಿಲ್ಲೆಗಳಿಗೆ ಸೇರಿದ ಎರಡು ಮಾತು. ವಿಜಯಪುರ, ಬಾಗಲಕೋಟೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ. ಅದರಲ್ಲಿ ಹೂತ ಪೈಪನ್ನು ವರ್ಷಕ್ಕೊಮ್ಮೆ ಎಳೆದಾಡುತ್ತದೆ, ಎಳೆತ ಹೋಗಿ ನಿಲ್ಲುವುದು ಜಾಯಿಂಟಿನ ಹಲ್ಲಿನ ಬುಡಕ್ಕೆ. ಹೂಳುವಾಗ ಪೈಪಿನ ಸುತ್ತ ಅರ್ಧ ಅಡಿ ಮರಳು ತುಂಬಿಸಿ, ಜಾಯಿಂಟಿಗೆ ಡಾಂಬರಿನ ಬಣ್ಣ ಹಚ್ಚಿ. ಮಾಳಿಗೆಯ ಮೇಲೆ ಬಿಸಿಲಿಗೆ ಬಿದ್ದ 6 ಮೀಟರ್ ಪೈಪು 30 ಡಿಗ್ರಿ ಕಾದರೆ ಎರಡು ಮಿ.ಮೀ.ಗಿಂತ ಹೆಚ್ಚು ಉದ್ದವಾಗುತ್ತದೆ, ತಣ್ಣೀರು ಹರಿದಾಗ ಕುಗ್ಗುತ್ತದೆ. ಅದನ್ನು ಎರಡೂ ತುದಿಗೆ ಸಿಮೆಂಟಿನಲ್ಲಿ ಕಟ್ಟಿಹಾಕಬೇಡಿ, ಕ್ಲಾಂಪಿನೊಳಗೆ ಸರಿದಾಡಲು ಬಿಡಿ. ಸೋಲಾರ್ ಬಿಸಿನೀರಿಗೂ ಜಿಐ ಬೇಡ. 60 ಡಿಗ್ರಿ ದಾಟಿದ ನೀರಿನಲ್ಲಿ ಸತುವಿನ ಕಾವಲು ಸಡಿಲಾಗುತ್ತದೆ, ಗಡಸು ನೀರಿನ ಸುಣ್ಣವೂ ಬೇಗ ಕಟ್ಟುತ್ತದೆ.

ಕತ್ತರಿಸಿದ ಪೈಪಿನ ಬಾಯಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಅರ್ಧ ಇಂಚಿನ ಪೈಪಿನ ಒಳಗೆ ಕಿರುಬೆರಳಿನ ಗಾತ್ರದ ದಾರಿ ಇರಬೇಕು. ಕಂದು ಗಂಟು ಬೆಳೆದು ಪೆನ್ಸಿಲ್ ಮಾತ್ರ ತೂರುವಷ್ಟು ಉಳಿದಿದ್ದರೆ, ಇಲ್ಲವೇ ಡೈ ಹಚ್ಚಿದಾಗ ಹಲ್ಲು ನಿಲ್ಲದೆ ಉದುರಿದರೆ, ಆ ಸಾಲಿನಲ್ಲಿ ಇನ್ನು ಜಾಯಿಂಟ್ ರಿಪೇರಿಗೆ ಹಣ ಹಾಕಬೇಡಿ. ಪೂರ್ತಿ ಸಾಲು ಬದಲಿಸಿ.

ಮಹಾನಗರ ಪಾಲಿಕೆಯವರಲ್ಲಿ ನಮ್ಮ ಕೋರಿಕೆ ಇಷ್ಟು. ಬೀದಿಯ ದೊಡ್ಡ ಪೈಪಿನಿಂದ ಮನೆಗೆ ಕವಲು ತೆಗೆಯುವ ತುಂಡಾದ ಫೆರುಲ್ ಮತ್ತು ಅದರ ಪಕ್ಕದ ಜಾಯಿಂಟನ್ನು ಮನೆಯವರು ಮುಟ್ಟುವಂತಿಲ್ಲ, ಮುಟ್ಟಲೂಬಾರದು. ಅಲ್ಲಿ ಸೋರಿದರೆ ನಿಮ್ಮ ಸಿಬ್ಬಂದಿಯೇ ಬರಬೇಕು. ದೂರು ಬಂದ ದಿನ ಮತ್ತು ದುರಸ್ತಿಯಾದ ದಿನ ವಾರ್ಡಿನ ಫಲಕದಲ್ಲಿ ಬರೆದು ಹಾಕಿ. ಮೀಟರಿನ ಮುಂದೆ ಮುಚ್ಚುವ ವಾಲ್ ಇಲ್ಲದ ಹಳೆಯ ಮನೆಗಳಿಗೆ ಅದನ್ನು ಹಾಕಿಸಿಕೊಡಿ. ಆ ವಾಲ್ ಇಲ್ಲದ ಮನೆಯಲ್ಲಿ, ನೀರು ಬರುವ ಹೊತ್ತಿನಲ್ಲಿ ಪೈಪು ಮುರಿದರೆ ನಿಲ್ಲಿಸುವ ದಾರಿಯೇ ಇಲ್ಲ. ನಳಕ್ಕೆ ನೇರವಾಗಿ ಹಚ್ಚಿದ ಮೋಟಾರುಗಳನ್ನು ನೀರು ಬಿಟ್ಟ ಹೊತ್ತಿನಲ್ಲಿಯೇ ಓಣಿಗೆ ಬಂದು ತೆಗೆಸಿ. ನೀರು ಬಿಡುವ ವೇಳೆಯನ್ನು ಹಿಂದಿನ ದಿನವೇ ತಿಳಿಸಿದರೆ, ಪೈಪು ಬಿಚ್ಚಿಟ್ಟುಕೊಂಡು ಕೂತ ಮನೆಯವರು ಅದಕ್ಕೆ ಮುಂಚೆ ಕೆಲಸ ಮುಗಿಸಿಕೊಳ್ಳಬಹುದು.

ಇಂತಿ,
ನಳದ ಕೆಲಸ ಬಲ್ಲ ಓದುಗರು
ವಿಜಯಪುರ